ನಿಂದೆಯೂ ನೀತಿವಿಮರ್ಶೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಶಾಸ್ತ್ರಿಗೆ ಚುನಾವಣೆಯ ಮಾತೇಕೆಂದು ತಮ್ಮಲ್ಲಿ ಕೆಲವರು ಆಶ್ಚರ್ಯಪಡಬಹುದು. ಯಾರಿಗೆ ಮತ ಕೊಡಬೇಕೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆ ಅಧಿಕಾರವೂ ನನಗಿಲ್ಲ. ಆದರೆ ಚುನಾವಣೆಯ ಕಾಲದಲ್ಲಿ ನಮ್ಮ ನಾಲಗೆಯೂ ಕಿವಿಯೂ ಹೇಗಿರಬೇಕೆಂಬುದು ಆಚಾರಕ್ಕೆ ಸೇರಿದ ವಿಷಯವಾದುದರಿಂದ, ಅದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನನ್ನ ತಪ್ಪನ್ನೇ ನಿವೇದಿಸುವೆನು. ಹಿಂದೊಮ್ಮೆ ವಿಧಾನಸಭೆಯ ಚುನಾವಣೆಗೆ ನಮ್ಮ ಭಕ್ತವರ್ಗದ ತಾಯಿಯೊಬ್ಬರು ನಿಂತಿದ್ದರು. ಊರ ಕೆರೆಯ ಹೂಳನ್ನು ತೆಗೆಸುವ ಬಗೆ, ಅದಕ್ಕೆ ತಗಲುವ ವೆಚ್ಚ, ಹಣ ಒದಗುವ ಮಾರ್ಗ, ಇವನ್ನೆಲ್ಲ ಕರಪತ್ರದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದರು. ಒಂದು ದಿನ ನಾನು ಮಠದ ಜಗುಲಿಯ ಮೇಲೆ ಕುಳಿತಿದ್ದಾಗ ಎದುರು ಪಕ್ಷದವರೊಬ್ಬರು ಬಂದು ಆ ತಾಯಿಯ ಶೀಲವನ್ನು ಕುರಿತು ಹೀನವಾದ ಸುದ್ದಿಯೊಂದನ್ನು ರಸವತ್ತಾಗಿ ಹೇಳಿದರು. ಅದು ದಿಟವೋ ಸಟೆಯೋ ಎಂದು ನಾನು ವಿಚಾರಿಸಲಿಲ್ಲ. ನೆರೆದವರೊಡನೆ ನಾನೂ ನಕ್ಕುಬಿಟ್ಟೆನು. ಸಂಜೆಯೊಳಗೆ ಆ ಸುದ್ದಿ ‘ಮಠದ ಶಾಸ್ತ್ರಿಗಳೂ ಅಲ್ಲವೆನ್ನಲಿಲ್ಲ’ ಎಂಬ ಬಾಲವನ್ನು ಕಟ್ಟಿಕೊಂಡು ಊರೂರು ತಿರುಗಿತು. ಆ ತಾಯಿ ಸೋತರು. ಸುದ್ದಿ ಸುಳ್ಳೆಂಬುದು ಬಳಿಕ ತಿಳಿಯಿತು. ಕರಪತ್ರವು ನನ್ನ ಪುಸ್ತಕಗಳ ನಡುವೆಯೇ ಬಿದ್ದಿತ್ತು. ನಾನದನ್ನು ಓದಿಯೇ ಇರಲಿಲ್ಲ.

ಹಾಗಾದರೆ ಚುನಾವಣೆಯಲ್ಲಿ ಯಾರನ್ನೂ ಟೀಕಿಸಬಾರದೇ? ಖಂಡಿತವಾಗಿಯೂ ಹಾಗಲ್ಲ. ಪರನಿಂದೆಯನ್ನು ತೊರೆಯಬೇಕೆಂದು ಬೋಧಿಸಿದ ಶರಣರೇ ಕಠಿಣ ಪ್ರಶ್ನೆಗಳಿಗೆ ಎಂದೂ ಅಂಜಿದವರಲ್ಲ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳ ಕಾಯಕದಲ್ಲಿ ತೊಡಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದನೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಆ ನಿಷ್ಠುರತೆ ಸಿದ್ಧರಾಮನ ನಿಲುವನ್ನು ಪರೀಕ್ಷಿಸಿತೇ ಹೊರತು ಅವನನ್ನು ಜನರ ಕಣ್ಣಿನಲ್ಲಿ ಕೀಳುಮಾಡಲು ಹೊರಟುದಲ್ಲ. ವಿಮರ್ಶೆಯು ಉತ್ತರವನ್ನು ಬಯಸುತ್ತದೆ. ನಿಂದೆಯು ಉತ್ತರ ಬರುವುದರೊಳಗೆ ಊರು ದಾಟುತ್ತದೆ.

ನಮ್ಮ ದೇಶದ ಕಾನೂನೂ ಈ ಭೇದವನ್ನು ಅರಿತಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮಿನಂತೆ, ಅಭ್ಯರ್ಥಿಯ ವೈಯಕ್ತಿಕ ಶೀಲ ಅಥವಾ ನಡತೆಯನ್ನು ಕುರಿತು, ನಿಜವೆಂಬ ನಂಬಿಕೆಯಿಲ್ಲದೆ, ಅವನ ಗೆಲುವಿಗೆ ಕೇಡಾಗುವಂತೆ ಸುಳ್ಳು ಸಂಗತಿಯನ್ನು ಪ್ರಕಟಿಸುವುದು ಭ್ರಷ್ಟ ಆಚರಣೆಯೆನಿಸುತ್ತದೆ. ಅದು ಸಿದ್ಧವಾದರೆ ಗೆದ್ದವನ ಆಯ್ಕೆಯೇ ಅಸಿಂಧುವಾಗಬಹುದು. 1960ರಲ್ಲಿ ಕೇರಳದ ಚುನಾವಣೆಯಲ್ಲಿ ಮೊಳೆತು ಮುಂದೆ ದೇಶಕ್ಕೆಲ್ಲ ಹಬ್ಬಿದ ಮಾದರಿ ನೀತಿಸಂಹಿತೆಯೂ, ಟೀಕೆಯು ಇತರ ಪಕ್ಷಗಳ ನೀತಿ, ಕಾರ್ಯಕ್ರಮ, ಹಿಂದಿನ ನಡೆ ಮತ್ತು ಕೆಲಸಗಳನ್ನು ಮೀರಬಾರದು, ಖಾಸಗಿ ಬಾಳನ್ನು ಮುಟ್ಟಬಾರದು ಎನ್ನುತ್ತದೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ನಿರ್ದೇಶನದ ತರುವಾಯ, ಪ್ರಣಾಳಿಕೆಯ ಭರವಸೆಗಳಿಗೆ ಕಾರಣವನ್ನೂ ಹಣದ ಮಾರ್ಗವನ್ನೂ ಸ್ಥೂಲವಾಗಿ ತಿಳಿಸಬೇಕೆಂಬ ವಿಧಿಯೂ ಆ ಸಂಹಿತೆಯಲ್ಲಿ ಸೇರಿತು.

ಆದರೆ ಮಹನೀಯರೇ, ಆ 123ನೆಯ ಕಲಮು ಹಿಡಿಯುವುದು ಅಭ್ಯರ್ಥಿಯನ್ನು, ಅವನ ಏಜೆಂಟನನ್ನು, ಅವರ ಒಪ್ಪಿಗೆಯಿಂದ ಸುಳ್ಳನ್ನು ಹರಡಿದವನನ್ನು. ಜಗುಲಿಯ ಮೇಲೆ ಕುಳಿತು ನಕ್ಕವನನ್ನು ಯಾವ ಕಲಮು ಹಿಡಿದೀತು? ಇಂದು ಆ ಜಗುಲಿಯು ಪ್ರತಿಯೊಬ್ಬರ ಕೈಯೊಳಗಿನ ಫೋನಿಗೇ ಬಂದಿದೆ. ಓದಿ ನಕ್ಕು ಮತ್ತೊಬ್ಬರಿಗೆ ಕಳುಹಿಸಲು ಒಂದು ಬೆರಳು ಸಾಕು. ಕಾನೂನಿನ ಕೈ ಎಲ್ಲಿ ನಿಲ್ಲುವುದೋ ಅಲ್ಲಿಂದ ಆಚಾರದ ಕೆಲಸ ಆರಂಭವಾಗಬೇಕು. ನಿಂದೆಗೆ ಕೇಳುಗನೇ ಅನ್ನದಾತನು. ಅವನು ಕಿವಿ ಮುಚ್ಚಿದರೆ ಅದು ಹಸಿದು ಸಾಯುವುದು.

ತಡವಾಗಿಯಾದರೂ ನಾನು ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಅವರು ಕುಳ್ಳಿರಿಸಿ ಹಾಲು ಕೊಟ್ಟು, “ಶಾಸ್ತ್ರಿಗಳೇ, ಅವರು ಹೇಳಿದುದನ್ನು ಜನ ಅರ್ಧ ನಂಬಿದ್ದರು; ನೀವು ನಕ್ಕಿರೆಂದು ಕೇಳಿ ಪೂರ್ತಿ ನಂಬಿದರು” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಓದಿದ ಶಾಸ್ತ್ರವೆಲ್ಲ ಆ ಕ್ಷಣದಲ್ಲಿ ನನ್ನ ನೆರವಿಗೆ ಬರಲಿಲ್ಲ.

ಆದುದರಿಂದ ಭಕ್ತಮಹಾಶಯರಲ್ಲಿ ನನ್ನ ವಿನಂತಿಯಿಷ್ಟೆ. ಮತ ಕೇಳಲು ಬಂದವರು ಯಾರೇ ಆಗಲಿ, ಎದುರಾಳಿಯ ಮನೆಯ ಕಥೆಯನ್ನು ತೆಗೆದರೆ, “ಅಪ್ಪಾ, ಅದಿರಲಿ, ಕೆರೆಯ ಹೂಳನ್ನು ಎಂದು ತೆಗೆಸುವಿರಿ? ಹಣವೆಲ್ಲಿಂದ? ಹಿಂದೆ ಕೊಟ್ಟ ಮಾತು ಏನಾಯಿತು?” ಎಂದು ಕೇಳಿರಿ. ಕೆಲಸದಲ್ಲಿ ತಪ್ಪಿದವರನ್ನು ಎದುರಿಗೇ, ಲೆಕ್ಕ ಹಿಡಿದು, ನಿಷ್ಠುರವಾಗಿ ಪ್ರಶ್ನಿಸಿರಿ. ಅದಕ್ಕೆ ಸಂಕೋಚ ಬೇಡ. ಕೆರೆಯಲ್ಲಿ ಇನ್ನೂ ಹೂಳಿದೆ. ಅದರಲ್ಲಿ ನನ್ನ ನಗೆಯ ಪಾಲೂ ಒಂದು ಬುಟ್ಟಿಯಷ್ಟು ಇದೆಯೆಂದು ಈ ಸಭೆಯ ಮುಂದೆ ಒಪ್ಪಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.