ಅಂತರರಾಷ್ಟ್ರೀಯ ಕಾನೂನು ನಮ್ಮ ಕಚೇರಿಗೆ ಬಂದ ದಾರಿ



ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿ ಅಕ್ಕ ನಕ್ಕುಬಿಟ್ಟರು. ನಾನು ವಕೀಲೆಯಲ್ಲ. ಉಲ್ಹಾಸನಗರದಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಈ ಲೋಕಲ್ ಪ್ರಯಾಣದಲ್ಲಿ ಕೂರಲು ಜಾಗ ಸಿಕ್ಕ ದಿನ ಓದಿದ್ದಷ್ಟೇ ನನ್ನ ಬಂಡವಾಳ. ಯಾಕೆ ಓದಿದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

2012ರಲ್ಲಿ ನನ್ನ ಮೊದಲ ನೌಕರಿ. ತಂಡದ ಮುಖ್ಯಸ್ಥರೊಬ್ಬರು ಕೆಲಸದ ನೆಪ ಹೇಳಿ ರಾತ್ರಿ ಹೊತ್ತು ಫೋನ್ ಮಾಡಿ ಬೇಡದ ಮಾತಾಡುತ್ತಿದ್ದರು. ಎಚ್.ಆರ್. ವಿಭಾಗಕ್ಕೆ ಹೋಗಿ ಹೇಳಿದೆ. "ಇದಕ್ಕೆಲ್ಲ ಇನ್ನೂ ಕಾನೂನು ಬಂದಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎಂದರು. ನಂಬಿದೆ. ತಂಡ ಬದಲಿಸಿಕೊಂಡೆ, ಆ ವರ್ಷದ ಬಡ್ತಿ ಕೈತಪ್ಪಿತು. ಮನೆಯಲ್ಲಿ ಅಮ್ಮನಿಗೂ ಹೇಳಲಿಲ್ಲ.

ಎಷ್ಟೋ ವರ್ಷಗಳ ನಂತರ, ಬೇರೆ ಕಂಪನಿಯಲ್ಲಿ, ನನ್ನನ್ನು ಆಂತರಿಕ ಸಮಿತಿಗೆ ಸೇರಿಸಿದರು. ತರಬೇತಿಯ ದಿನ ಗೊತ್ತಾಯಿತು: ಕಚೇರಿಯಲ್ಲಿ ಇಂಥ ದೂರು ಕೇಳಲು ಸಮಿತಿ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ಅಂದರೆ ನಾನು ಅತ್ತುಕೊಂಡು ಹೊರಬಂದ ದಿನಕ್ಕೆ ಆ ನಿಯಮಕ್ಕೆ ಹದಿನೈದು ವರ್ಷ ವಯಸ್ಸು.

ಅದು ವಿಶಾಖಾ ಪ್ರಕರಣ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದರು. 1992ರಲ್ಲಿ ಒಂದು ಹಸುಗೂಸಿನ ಮದುವೆ ತಡೆಯಲು ಹೋದರು. ಅದಕ್ಕೆ ಸೇಡಾಗಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಹೀಗಾದರೆ ಹೆಣ್ಣುಮಕ್ಕಳು ದುಡಿಯುವುದು ಹೇಗೆ ಎಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಆಗ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆಂದೇ ನಮ್ಮಲ್ಲಿ ಕಾನೂನಿರಲಿಲ್ಲ. ನ್ಯಾಯಾಲಯ ಏನು ಮಾಡಿತು ನೋಡಿ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಗೆ ವಿಶ್ವಸಂಸ್ಥೆ 1979ರಲ್ಲಿ ಮಾಡಿದ ಸೀಡಾ ಒಪ್ಪಂದವನ್ನು ಭಾರತ 1993ರಲ್ಲಿ ಅನುಮೋದಿಸಿತ್ತು. ಹೊರಗೆ ಕೊಟ್ಟ ಮಾತು ಮನೆಯೊಳಗೂ ನಡೆಯಬೇಕು, ನಮ್ಮ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿಲ್ಲದ ಆ ಒಪ್ಪಂದವನ್ನು ಆ ಹಕ್ಕುಗಳ ಜೊತೆಗೇ ಓದಬೇಕು ಎಂದಿತು. 1997ರ ಆಗಸ್ಟ್ 13ರಂದು ಬಂದ ಆ ತೀರ್ಪಿನ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಸುಜಾತಾ ಮನೋಹರ್, ನಮ್ಮ ಮುಂಬಯಿ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಸಂಸತ್ತು ಕಾಯ್ದೆ ಮಾಡುವ ತನಕ ಈ ಮಾರ್ಗಸೂಚಿಯೇ ಕಾನೂನು ಎಂದರು. ಕಾಯ್ದೆ ಬಂದದ್ದು 2013ರಲ್ಲಿ.

ಇದನ್ನು ತಿಳಿದ ಮೇಲೆ ನನಗೆ ಬುಡದಿಂದ ಓದಬೇಕೆನಿಸಿತು. ಎಲ್ಲೋ ಪರದೇಶದಲ್ಲಿ ಸಹಿ ಹಾಕಿದ ಕಾಗದ ಐರೋಲಿಯ ಕಚೇರಿಗೆ ಹೇಗೆ ಬಂತು?

ಅಂತರರಾಷ್ಟ್ರೀಯ ಕಾನೂನು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ನಿಯಮಾವಳಿಯ 38ನೇ ವಿಧಿಯನ್ನು ಎಲ್ಲರೂ ತೋರಿಸುತ್ತಾರೆ. (ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಅಲ್ಲಿ ನ್ಯಾಯಾಧೀಶರಾದರು.) ಒಪ್ಪಂದ, ರೂಢಿ, ಎಲ್ಲ ದೇಶಗಳೂ ಮನ್ನಿಸುವ ಸಾಮಾನ್ಯ ತತ್ವ, ಇವು ಮುಖ್ಯ. ಒಪ್ಪಂದ ಸುಲಭ. ಕೊಟ್ಟ ಮಾತಿಗೆ ತಪ್ಪಬಾರದು ಅಷ್ಟೆ, ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ. ರೂಢಿ ನನಗೆ ಬೇಗ ಹಿಡಿಯಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವುದನ್ನು ನೆನೆದಾಗ ಅರ್ಥವಾಯಿತು. ಯಾರೂ ಕರಾರು ಬರೆದುಕೊಟ್ಟಿಲ್ಲ. ಆದರೂ ಪಕ್ಕದ ಮನೆಯಿಂದ ಬಂದ ಮೇಲೆ ನಾವು ಕೊಡದಿದ್ದರೆ ತಪ್ಪು ಮಾಡಿದ ಹಾಗಾಗುತ್ತದೆ. ಬರೀ ಅಭ್ಯಾಸವಾದರೆ ಸಾಲದು, ಸಂಜೆ ನಾಲ್ಕಕ್ಕೆ ಚಹಾ ಕುಡಿಯುವುದೂ ಅಭ್ಯಾಸವೇ. "ಮಾಡಲೇಬೇಕು" ಎಂಬ ಭಾವನೆಯೂ ಸೇರಿದಾಗ ದೇಶಗಳ ನಡುವೆ ರೂಢಿ ಕಾನೂನಾಗುತ್ತದೆ.

ಪೊಲೀಸರಿಲ್ಲದ ಕಾನೂನು ಎಂಥ ಕಾನೂನು ಎಂದು ನಮ್ಮ ಯಜಮಾನರು ಕೇಳುತ್ತಾರೆ. ಇಂಟರ್‌ನೆಟ್‌ಗೂ ಒಬ್ಬ ಒಡೆಯನಿಲ್ಲ, ಎಲ್ಲರೂ ಒಂದೇ ಪ್ರೊಟೊಕಾಲ್ ಪಾಲಿಸುವುದರಿಂದ ನಡೆಯುತ್ತಿದೆ ಎಂದು ನಾನು ವಾದಿಸುತ್ತೇನೆ. ಪೂರ್ತಿ ಗೆದ್ದಿಲ್ಲ.

ಒಂದೊಂದು ಪದಕ್ಕೂ ಇಲ್ಲಿ ಎಷ್ಟು ಬೆಲೆ! 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡು, ಇಂಗ್ಲಿಷಿನಲ್ಲಿ, ಎಲ್ಲ "ಮೆನ್" ಸಮಾನರು ಎಂದು ಶುರುವಾಗುತ್ತಿತ್ತು. ಮುಂಬಯಿಯಿಂದ ನಮ್ಮ ಸಂವಿಧಾನ ಸಭೆಗೆ ಹೋಗಿದ್ದ ಹಂಸಾ ಮೆಹ್ತಾ ಒಪ್ಪಲಿಲ್ಲ. ಅವರ ಪಟ್ಟಿನಿಂದ ಅದು "ಹ್ಯೂಮನ್ ಬೀಯಿಂಗ್ಸ್" ಆಯಿತು. ಹಾಗೆಂದು ಎಲ್ಲವೂ ಸಿಕ್ಕಿದೆ ಎನ್ನಲಾರೆ. ಸೀಡಾ ಅನುಮೋದಿಸುವಾಗಲೇ ಭಾರತ, ಸಮುದಾಯಗಳು ತಾವಾಗಿ ಮುಂದೆ ಬರದೆ ಅವುಗಳ ವೈಯಕ್ತಿಕ ವಿಷಯಗಳಲ್ಲಿ ಕೈಹಾಕುವುದಿಲ್ಲ ಎಂದು ಬರೆಸಿಕೊಂಡಿದೆ. ಭಂವರಿ ದೇವಿಯವರ ಪ್ರಕರಣದ ಆರೋಪಿಗಳನ್ನು 1995ರಲ್ಲಿ ವಿಚಾರಣಾ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ನಾವು ಇಂದು ಬಳಸುವ ಕಾನೂನು ಅವರ ನೋವಿನಿಂದ ಬಂದದ್ದು. ಇದು ನನಗೆ ಇನ್ನೂ ನುಂಗಲಾಗದ ತುತ್ತು.

ಈಗ ನಮ್ಮ ಊರಿನ ವಿಷಯ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಉಲ್ಹಾಸನಗರದ ಜೀನ್ಸ್ ಹೊಲಿಯುವ ಗಾಳಗಳಲ್ಲಿ ಎಷ್ಟೋ ಕಡೆ ಆರೇಳು ಜನರಷ್ಟೇ. ಮನೆಕೆಲಸದವರಿಗಂತೂ ಸಮಿತಿ ಎಲ್ಲಿಂದ ಬರಬೇಕು? ಅವರಿಗಾಗಿಯೇ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯಲು ಬಾರದವರಿಗೆ ಸಮಿತಿಯವರೇ ಬರೆಯಲು ನೆರವಾಗಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು.

ನಮ್ಮ ಕಟ್ಟಡದ ಕೆಳಗೆ ಗಾಳದಲ್ಲಿ ದಾರ ಕತ್ತರಿಸುವ ಅಕ್ಕ ಒಬ್ಬರಿದ್ದಾರೆ. ನಾನು ಸಮಿತಿಯಲ್ಲಿರುವುದು ಹೇಗೋ ತಿಳಿದು, "ನಮ್ಮಂಥವರಿಗೂ ಉಂಟಾ?" ಎಂದು ಕೇಳಿದರು. ಉಂಟು ಎಂದೆ. ಕಳೆದ ತಿಂಗಳು ಅಡುಗೆಮನೆಯಲ್ಲಿ ಕೂತು ಇಬ್ಬರೂ ಅರ್ಜಿ ಬರೆದೆವು. ಮೂರು ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ ಬಾಕಿ ಇತ್ತು.

ಯಾರಿಗಾದರೂ ಕೇಳುವುದಿದ್ದರೆ ಊಟದ ಹೊತ್ತಿಗೆ ನನ್ನನ್ನು ಕಾಣಿ.