ಕೊಬ್ಬಿನ ಲೆಕ್ಕವೋ, ಕೂಳಿನ ಲೆಕ್ಕವೋ?

ಮೈನೆರೆಯಲು ದೇಹತೂಕದ ನೂರಕ್ಕೆ 17ರಷ್ಟು, ಮುಟ್ಟು ತಪ್ಪದೆ ಬರಲು 22ರಷ್ಟು ಕೊಬ್ಬು ಬೇಕು ಎಂಬ ವಾದವನ್ನು ರೋಸ್ ಫ್ರಿಶ್ ಮತ್ತು ಜಾನೆಟ್ ಮೆಕಾರ್ಥರ್ 1974ರಲ್ಲಿ ಮುಂದಿಟ್ಟರು. ಆದರೆ ಆ ಕೊಬ್ಬನ್ನು ಅಳೆದಿರಲಿಲ್ಲ. ಎತ್ತರ-ತೂಕಗಳಿಂದ ಸೂತ್ರ ಹಾಕಿ ತೆಗೆದದ್ದು. ಅಂಥ ಸೂತ್ರ ನಮ್ಮವರ ಮೈಗೆ ಎಷ್ಟು ಒಗ್ಗೀತು ಎಂಬುದಕ್ಕೆ ಘಟ್ಟದ ಮೇಲಿನ ಪುಣೆಯಲ್ಲೇ ಉತ್ತರವಿದೆ. ಅಲ್ಲಿನ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಮೈಗಳನ್ನು ಹೋಲಿಸಿ ತೋರಿಸಿದರು. ಎತ್ತರ-ತೂಕಗಳಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3, ಕೊಬ್ಬು ಮಾತ್ರ ಯಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಗಂಡಸರ ಉದಾಹರಣೆಯೇ ಆದರೂ ತೂಕದ ಯಂತ್ರವನ್ನು ನಂಬಬಾರದೆನ್ನಲು ಇಷ್ಟು ಸಾಕು.

ಕೊಬ್ಬಿನ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಮಿಶೆಲ್ ವಾರೆನ್ 1980ರಲ್ಲಿ ವರದಿ ಮಾಡಿದ ಬ್ಯಾಲೆ ನರ್ತಕಿಯರಲ್ಲಿ, ಗಾಯವಾಗಿ ಅಭ್ಯಾಸ ನಿಂತಾಗ, ತೂಕ ಹೆಚ್ಚೇನೂ ಏರದೆಯೂ ಮುಟ್ಟು ಮರಳಿತು. ಆನ್ ಲೌಕ್ಸ್ 2003ರಲ್ಲಿ ಐದೇ ದಿನಗಳ ಪ್ರಯೋಗ ನಡೆಸಿದರು. ವ್ಯಾಯಾಮದ ಖರ್ಚು ಕಳೆದು ಉಳಿಯುವ ಆಹಾರಶಕ್ತಿ, ಕೊಬ್ಬು ಬಿಟ್ಟ ಮೈತೂಕದ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಇಳಿದಾಗ, ಅಂಡಾಶಯವನ್ನು ಎಬ್ಬಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ನಿಧಾನವಾಯಿತು. ಐದು ದಿನದಲ್ಲಿ ಕೊಬ್ಬು ಕರಗುವುದಾದರೂ ಎಷ್ಟು? (30 ಎಂಬ ಗೆರೆ ಎಲ್ಲರಿಗೂ ಒಂದೇ ಅಲ್ಲ ಎಂಬುದು ಆಮೇಲೆ ತಿಳಿಯಿತು.)

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಠಾಣೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣದಲ್ಲಿ ಓಡುವ 50 ಕಿಲೋ ತೂಕದ ಹುಡುಗಿಗೆ ಕೊಬ್ಬು 10 ಕಿಲೋ ಎಂದಿಟ್ಟುಕೊಂಡರೆ, 30ರ ಲೆಕ್ಕದಲ್ಲಿ ಓಟದ ಖರ್ಚು ಕಳೆದು 1200 ಕ್ಯಾಲೊರಿ ಉಳಿಯಬೇಕು. ಬರೀ ಚಹಾ ಕುಡಿದು ಹೊರಟು, ಕಾಲೇಜು, ಕ್ಲಾಸು ಮುಗಿಸಿ ರಾತ್ರಿಯಷ್ಟೇ ಸರಿಯಾಗಿ ಉಣ್ಣುವವಳು 1600 ತಿಂದು 600 ಓಡಿ ಕಳೆದರೆ ಉಳಿಯುವುದು 1000. ನೋಡಿದವರಿಗೆ ಅವಳು ಸಣಕಲಿ ಅನ್ನಿಸದಿರಬಹುದು. ಹೀಗೆ ಮುಟ್ಟು ನಿಂತರೆ ಅದನ್ನು 'ಪೀಡೆ ತಪ್ಪಿತು' ಎಂದುಕೊಳ್ಳುವುದೇ ಅಪಾಯ. ಈಸ್ಟ್ರೋಜೆನ್ ಇಳಿದರೆ ಮೂಳೆ ಸೊರಗುತ್ತದೆ. ಮುಟ್ಟು ನಿಂತ ಕ್ರೀಡಾಪಟುಗಳ ಬೆನ್ನುಮೂಳೆಯ ಸಾಂದ್ರತೆ ಕಡಿಮೆಯಿರುವುದನ್ನು ಬಾರ್ಬರಾ ಡ್ರಿಂಕ್‌ವಾಟರ್ ತಂಡ 1984ರಲ್ಲೇ ತೋರಿಸಿತ್ತು. ಮೂರು ತಿಂಗಳು ಮುಟ್ಟು ಬರದಿದ್ದರೆ ಬಸಿರು, ಥೈರಾಯ್ಡ್ ಮೊದಲಾದವನ್ನೂ ಪರೀಕ್ಷಿಸಬೇಕು.

ಮುಟ್ಟು ಏರುಪೇರಾಗುವ ಇನ್ನೊಂದು ತೊಂದರೆಯಾದ ಪಿಸಿಓಡಿಯದು ಇದಕ್ಕೆ ತಿರುಗುಮುರುಗು. ಅಲ್ಲಿ ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಕೆಣಕುತ್ತದೆ. ಮೈ ಬಂದವರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೂ ಎಷ್ಟೋ ಸಲ ಮುಟ್ಟು ಸರಿಹೋಗುತ್ತದೆ.

ಹಾಗೆಂದು ಫ್ರಿಶ್ ಪೂರ್ತಿ ಸೋತರೆನ್ನಲಾಗದು. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಕೊಬ್ಬೇ ಸ್ರವಿಸುವ ಹಾರ್ಮೋನು. ಮುಟ್ಟು ನಿಂತವರಿಗೆ 2004ರಲ್ಲಿ ಅದನ್ನು ಕೊಟ್ಟು ನೋಡಿದಾಗ ಕೆಲವರಲ್ಲಿ ಅಂಡ ಬಿಡುಗಡೆಯಾಯಿತು. ಆದರೆ ಉಪವಾಸದ ಒಂದೆರಡು ದಿನಕ್ಕೇ, ಕೊಬ್ಬು ಕರಗುವ ಮೊದಲೇ, ಲೆಪ್ಟಿನ್ ಇಳಿಯುತ್ತದೆ. ಹಾಗಾದರೆ ಮಿದುಳು ನೋಡುವುದು ಕಣಜವನ್ನೋ, ಅಂದಂದಿನ ಅನ್ನವನ್ನೋ? ಅನ್ನವನ್ನೇ ಎಂದಾದರೆ, ಹೊಟ್ಟೆ ತುಂಬ ಉಣ್ಣತೊಡಗಿದ ಮೇಲೂ ಕೆಲವರ ಮುಟ್ಟು ಮರಳಲು ತಿಂಗಳುಗಟ್ಟಲೆ ಏಕೆ ಹಿಡಿಯುತ್ತದೆ?