ಮೈಗಂಟುವ ಪಟ್ಟಿ: ಲೆಕ್ಕ ಯಾರ ಕೈಗೆ?

(ಬಾಶೆಟ್ಟಿಹಳ್ಳಿಯಲ್ಲಿ ಮಾಡಿದ ಭಾಷಣ)



ಬೇಸಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜವನ್ನು ನಾವೆಲ್ಲ ಬಲ್ಲೆವು. ಒಣಗಿದ್ದಾಗ ಎಳ್ಳಿನಂತಿರುವ ಕಾಳು ನೀರು ಬಿದ್ದೊಡನೆ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ಕಣ್ಣಿಗೆ ಕಾಣದ ಎಳೆಗಳ ಬಲೆಯೊಂದು ನೀರನ್ನು ಹರಿದುಹೋಗಗೊಡದೆ ಹಿಡಿದಿಡುತ್ತದೆ. ವಿಜ್ಞಾನಿಗಳು ಇಂಥ ಪದಾರ್ಥವನ್ನು ಹೈಡ್ರೋಜೆಲ್ ಎನ್ನುತ್ತಾರೆ. ಇದು ಮನುಷ್ಯನ ದೇಹಕ್ಕೆ ಒಗ್ಗುವ ವಸ್ತುವೆಂದು 1960ರಲ್ಲಿ ಚೆಕೊಸ್ಲೊವಾಕಿಯದ ಓಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ತೋರಿಸಿದರು. ಕಣ್ಣಿಗೆ ಹಾಕುವ ಮೃದು ಮಸೂರ ಹುಟ್ಟಿದ್ದು ಅದರಿಂದಲೇ.

ಈಗ ಅದೇ ಲೋಳೆಯಿಂದ ದಿನವಿಡೀ ಚರ್ಮಕ್ಕೆ ಅಂಟಿಕೊಂಡಿದ್ದು ನಾಡಿ, ಉಸಿರು, ಕೀಲಿನ ಚಲನೆ, ಬೆವರಿನ ಉಪ್ಪುಗಳನ್ನು ಅಳೆಯುವ ಪಟ್ಟಿ ಮಾಡುತ್ತಿದ್ದಾರೆ. ಅದರ ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಹರಿಯುತ್ತದೆ. ಪಟ್ಟಿಯನ್ನು ಎಳೆದಾಗ ಅದು ಉದ್ದವಾಗಿ, ತೆಳ್ಳಗಾಗಿ, ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಆ ಏರಿಳಿತವನ್ನು ಓದಿ ಮೈಯ ಚಲನೆಯನ್ನು ತಿಳಿಯುತ್ತಾರೆ.

ತೊಡಕು ಎರಡು. ಲೋಳೆ ಬೇಗ ಕಿತ್ತುಹೋಗುತ್ತದೆ, ಬೇಗ ಒಣಗುತ್ತದೆ.

ಮೊದಲನೆಯದಕ್ಕೆ ಕಂಡುಕೊಂಡ ಉಪಾಯ ದೊಡ್ಡಬಳ್ಳಾಪುರದ ಮಗ್ಗದವರಿಗೆ ಬೇಗ ಅರ್ಥವಾದೀತು. ಹಾಸು ಒಂದರಿಂದಲೇ ಬಟ್ಟೆಯಾಗದು, ಹೊಕ್ಕೂ ಬೇಕು. 2003ರಲ್ಲಿ ಜಪಾನಿನ ಹೊಕ್ಕಾಯ್ಡೊ ವಿಶ್ವವಿದ್ಯಾನಿಲಯದ ಜಿಯಾನ್ ಪಿಂಗ್ ಗಾಂಗ್ ಮತ್ತು ಸಂಗಡಿಗರು ಎರಡು ಬಲೆಗಳನ್ನು ಒಂದರೊಳಗೊಂದು ಹೆಣೆದರು. ಬಿರುಸಾದ ಬಲೆ ಅಲ್ಲಲ್ಲಿ ಮುರಿದು ಎಳೆತದ ಪೆಟ್ಟನ್ನು ತಾನು ತಿನ್ನುತ್ತದೆ. ಮೆತ್ತನೆಯ ಬಲೆ ಕಿತ್ತುಹೋಗದೆ ಉಳಿಯುತ್ತದೆ. 2012ರಲ್ಲಿ ಅಮೆರಿಕದ ಹಾರ್ವರ್ಡಿನವರು ಕಡಲಪಾಚಿಯ ಆಲ್ಜಿನೇಟನ್ನು ಪಾಲಿಅಕ್ರಿಲಮೈಡಿನೊಡನೆ ಬೆರೆಸಿ, ಬಹುಪಾಲು ನೀರೇ ಇರುವ ವಸ್ತುವನ್ನು ಅದರ ಉದ್ದದ 20 ಪಟ್ಟು ಎಳೆದು ತೋರಿಸಿದರು. ಅಲ್ಲಿ ಕ್ಯಾಲ್ಸಿಯಂ ಹಾಕಿದ ಗಂಟುಗಳು ಎಳೆದಾಗ ಬಿಚ್ಚಿಕೊಂಡು, ಬಿಟ್ಟಾಗ ಮತ್ತೆ ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. ಒಣಗದಿರಲು ಗ್ಲಿಸರಿನ್ ಇಲ್ಲವೆ ನೀರು ಹೀರುವ ಲವಣ ಸೇರಿಸುತ್ತಾರೆ. ಮೇಲೆ ರಬ್ಬರಿನ ತೆಳು ಹೊದಿಕೆ ಹಾಕುತ್ತಾರೆ.

ಆದರೆ ಪ್ರಯೋಗಶಾಲೆಯ ತಂಪಿನಲ್ಲಿ ಬಾಳಿದ್ದು ಶೆಡ್ಡಿನ ಕಾವಿನಲ್ಲಿ, ನೂಲಿನ ಧೂಳಿನಲ್ಲಿ, ಎಣ್ಣೆ ಬೆವರಿನ ನಡುವೆ ಬಾಳಬೇಕಲ್ಲ! ಒಂದು ಪಾಳಿಯಲ್ಲಿ ನಮ್ಮ ಮೊಣಕೈ ಎಷ್ಟು ಸಾವಿರ ಸಲ ಮಡಿಯುತ್ತದೆ? ಪಟ್ಟಿಗೆ ನಿಜವಾದ ಪರೀಕ್ಷೆ ಅಲ್ಲಿ.

ಬಾಳಿತೆಂದೇ ಇಟ್ಟುಕೊಳ್ಳೋಣ. ಕಾವು ತಡೆಯದೆ ಕುಸಿಯುವ ಮುನ್ನ ಕಾರ್ಮಿಕನನ್ನು ಎಚ್ಚರಿಸಿದರೆ ಅದು ಜೀವ ಉಳಿಸೀತು. ಹೃದಯದ ಬೇನೆಯಿರುವ ಅಂಗಡಿಯವನಿಗೂ ಆಸರೆಯಾದೀತು. ಅದೇ ಪಟ್ಟಿ, ಇವನು ಎಷ್ಟು ಹೊತ್ತು ಕೈ ನಿಲ್ಲಿಸಿದ, ಇವನ ಎದೆ ಎಷ್ಟು ಸೋತಿದೆ ಎಂದು ಮಾಲೀಕನಿಗೆ ಚಾಡಿ ಹೇಳಿದರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 7ನೆಯ ಕಲಮಿನಲ್ಲಿ, ಉದ್ಯೋಗದ ಉದ್ದೇಶಕ್ಕೆ ಕೆಲಸಗಾರನ ವಿವರವನ್ನು ಅವನ ಒಪ್ಪಿಗೆಯಿಲ್ಲದೆಯೂ ಬಳಸಲು ಎಡೆ ಇದೆ. ಈ ಮಾತನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಡಬೇಕು.

ನಾವು ವಿಜ್ಞಾನಕ್ಕೆ ಬಾಗಿಲು ಹಾಕುವವರಲ್ಲ. ಪಟ್ಟಿ ಬರಲಿ, ಆದರೆ ಅದನ್ನು ತೋಳಿಗೆ ಅಂಟಿಸಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯೋಣ. ಇದು ಎಷ್ಟು ದಿನ ಬಾಳುತ್ತದೆ, ಬದಲಿಸುವ ಖರ್ಚು ಯಾರದು? ಇದರ ಲೆಕ್ಕವನ್ನು ಯಾರು ಯಾರು ನೋಡುತ್ತಾರೆ? ಆ ಲೆಕ್ಕ ಹಿಡಿದು ಕೂಲಿ ಕಡಿಯುವುದಿಲ್ಲ, ಕೆಲಸದಿಂದ ತೆಗೆಯುವುದಿಲ್ಲವೆಂಬ ಕರಾರು ಎಲ್ಲಿದೆ? ಒಬ್ಬೊಬ್ಬರಾಗಿ ಕೇಳಿದರೆ ಉತ್ತರ ಸಿಕ್ಕದು, ಸಂಘವಾಗಿ ಕೇಳೋಣ.